ದೊಡ್ಡವ್ವನ ಪಾಲಿನ ಆರು ಬೆರಳು

ನಮ್ಮ ದೊಡ್ಡವ್ವ ಸುಗಲಾಬಾಯಿಗೆ ಹಸಿವೆಗಿಂತ ಹೊಟ್ಟೆಕಿಚ್ಚೇ ಹೆಚ್ಚು. ಅದೂ ಊರವರ ಮೇಲಲ್ಲ, ನೆಗೆಣ್ಣಿಯ ಮೇಲೆ. ಅಂದರೆ ನಮ್ಮವ್ವ ಶಕುಂತಲಾಬಾಯಿಯ ಮೇಲೆ. ಅವ್ವನ ತಟ್ಟೆಯ ಹೋಳಿಗೆ ಯಾವಾಗಲೂ ದೊಡ್ಡದು, ಅವ್ವನ ಸೀರೆಯ ಅಂಚು ಯಾವಾಗಲೂ ಅಗಲ. ಒಂದೇ ಥಾನಿನಿಂದ ಹರಿದ ಕುಬಸದ ಬಟ್ಟೆಯನ್ನೂ ಗೇಣು ಹಾಕಿ ನೋಡಿದವಳು ಆಕೆ.

ನಿಜಾಮರ ಕಾಲ. ಜಹೀರಾಬಾದಿನ ನಮ್ಮ ಮನೆಯ ಅಂಗಳಕ್ಕೆ ತಾಂಡೂರಿನ ಕಲ್ಲು ಹಾಸಲು ದೊಡ್ಡಪ್ಪ ಗೌಂಡಿ ಮೊಗಲಪ್ಪನನ್ನು ಕರೆಸಿದ. ಅಂಗಳದ ಒಂದು ತುದಿಗೆ ದೊಡ್ಡವ್ವನ ಬಾಗಿಲು, ಇನ್ನೊಂದು ತುದಿಗೆ ಅವ್ವನದು. ಮೋರಿ ಇದ್ದದ್ದು ಅವ್ವನ ಬಾಗಿಲ ಪಕ್ಕದಲ್ಲಿ. ಮೊಗಲಪ್ಪ ಎರಡೂ ಕಡೆ ಗೂಟ ಹೊಡೆದು ಮಟ್ಟಸವಾಗಿ ಹುರಿ ಬಿಗಿದ. ಕಲ್ಲು ಎಲ್ಲಿ ಕೂರಬೇಕೆಂದು ಹುರಿಯಿಂದ ಕೆಳಕ್ಕೆ ಅಳೆದು ಗುರುತು ಹಾಕಿದ. ದೊಡ್ಡವ್ವನ ಕಡೆ ಎರಡು ಬೆರಳು, ಅವ್ವನ ಕಡೆ ಆರು.

"ಆಕೀಗ್ಯಾಕ ಆರು, ನನಗ್ಯಾಕ ಎರಡು?" ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಬಂದಳು.

"ಫರಕು ನಾಕು ಬೆರಳ್ರೀ ಅವ್ವಾರ. ನಡುವ ಎಂಟು ಗಜ. ಎರಡು ಗಜಕ್ಕ ಒಂದು ಬೆರಳು ಇಳಕಲ ಬಂತು. ನೀರು ತಾನ ಮೋರಿಗಿ ಹೋಗ್ತಾವ."

"ಇಳಕಲ ಗಿಳಕಲ ಬ್ಯಾಡ. ಹಿರೀ ಸೊಸಿ ನಾನು. ಆರು ನನಗ ಹಾಕು, ಎರಡು ಆಕೀಗಿ."

"ಹಂಗ ಮಾಡಿದ್ರ ಇಳಕಲ ಉಲ್ಟಾ ಆಗ್ತದ್ರಿ. ಕೆಳಗ ಅಳಿಯೋದದು, ಆರು ಅಂದ್ರ ತಗ್ಗು..."

"ಆಕಿ ಛಾ ಕುಡಿಸ್ಯಾಳೇನು ನಿನಗ?"

ಮೊಗಲಪ್ಪ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ರುಮಾಲು ಸುತ್ತಿಕೊಂಡು ಹೊರಗೆ ನಡೆದ. ಹೆಂಡತಿಯ ಬಾಯಿಗೆ ಹೆದರುವವರಿಗೆ ಹೊರಗೆ ಕೆಲಸ ಬಹಳ. ಅವ್ವ ಬಾಗಿಲ ಮರೆಯಿಂದ, "ಅಕ್ಕ ಅಂದಂಗ ಆಗ್ಲಿ ಬಿಡ್ರಿ" ಎಂದಳು. ಆಗ ನಕ್ಕಳೋ ಇಲ್ಲವೋ, ಎಷ್ಟು ಕೇಳಿದರೂ ನನಗೆ ಹೇಳಲಿಲ್ಲ.

ಕಲ್ಲು ಕೂತವು. ದೊಡ್ಡವ್ವ ಅಂದು ಮಾತ್ರ ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ಅವ್ವ ತನ್ನ ಬಾಗಿಲ ಮುಂದೆ ಒಂದು ಕೊಡ ನೀರು ಸುರಿದಳು. ನೀರು ಪಕ್ಕದ ಮೋರಿಯನ್ನು ತಿರುಗಿಯೂ ನೋಡದೆ ಎಂಟು ಗಜ ನೆಟ್ಟಗೆ ಹೋಗಿ ದೊಡ್ಡವ್ವನ ಹೊಸ್ತಿಲಿಗೆ ನಿಂತಿತು. ಆಗಷ್ಟೇ ಹಾಕಿದ ರಂಗೋಲಿ ಕಲಸಿಹೋಯಿತು.

ಅವ್ವ ಕಸಬರಿಗೆ ಹಿಡಿದು ಓಡಿದಳು. "ಸರೀರಿ ಅಕ್ಕಾ, ನಾ ಬಳೀತೀನಿ."

ದೊಡ್ಡವ್ವನಿಗೆ ತಿಳಿದುಹೋಗಿತ್ತು, ಮುಖವೇ ಹೇಳುತ್ತಿತ್ತು. ಆದರೆ ಕಲ್ಲು ಕೀಳಿಸಿದರೆ ಆರು ಬೆರಳು ಅವ್ವನ ಪಾಲಾಗುತ್ತವಲ್ಲ! ಆಕೆ ಕಸಬರಿಗೆ ಕಸಿದುಕೊಂಡಳು.

"ಬ್ಯಾಡ. ನನ್ನ ಪಾಲಿನ ಆರು ಬೆರಳು ಅವ. ನಾನೇ ಬಳೀತೀನಿ."

ಸಾಯುವ ತನಕ ಬಳಿದಳು.