ಒಂದು ಸೈಕಲ್ಲು, ಇಬ್ಬರ ದಾರಿ

ಶನಿವಾರ ಸಂಜೆಯಾಯಿತೆಂದರೆ ಕಾಂತಾಮಣಿಯ ಮನೆಯಲ್ಲಿ ಸೈಕಲ್ಲಿನ ಒಡವೆ ಬಿಚ್ಚುವ ಕೆಲಸ ಶುರು. ಬುಟ್ಟಿ, ಕ್ಯಾರಿಯರ್, ಎರಡೂ ಮಡ್‌ಗಾರ್ಡು, ಸ್ಟ್ಯಾಂಡು, ಕೊನೆಗೆ ಗಂಟೆಯೂ. ಗಂಡ ಗುರುಬಸಪ್ಪ ಒಂದೊಂದೇ ಕಳಚಿ ಹಳೆಯ ಪೇಪರಿನ ಮೇಲೆ ಇಡುವನು. ಭಾನುವಾರ ಅವನು ಕಾಡು ಸುತ್ತಿ ಬಂದ ಮೇಲೆ ಅವನ್ನೆಲ್ಲ ಮತ್ತೆ ತೊಡಿಸುವವಳು ಕಾಂತಾಮಣಿ. ಸೀಟನ್ನು ಗೇಣುದ್ದ ಇಳಿಸುವವಳೂ ಅವಳೇ. ಗಂಡ ತೆಂಗಿನ ಮರದಷ್ಟು ಉದ್ದ, ಅವಳು ಗಿಡ್ಡ.

"ಬೋಳ ಮಾಡಿ ಒಯ್ಯೂದು ನೀವು, ಸಿಂಗಾರ ಮಾಡೂದು ನಾನು ಏನ್ರಿ?"

"ಸಿಂಗಾರಕ್ಕ ನಿನ್ನ ಕೈನ ಛಲೋ, ಕಾಂತಾ" ಎಂದು ನಕ್ಕುಬಿಡುವನು.

ಜರ್ಮನಿಯವರು ಕಂಪ್ಯೂಟರ್ ಬಲ್ಲವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ಕಾಲ ಅದು. ಇಳಕಲ್ಲಿನ ಗುರುಬಸಪ್ಪ ಬಾನ್ ಊರಿಗೆ ಬಂದ, ಹಿಂದಿನಿಂದ ಕಾಂತಾಮಣಿಯೂ ಬಂದಳು. ಊರಿನಲ್ಲಿ ಅವಳು ಶಾಲೆಯ ಟೀಚರು, ದಿನವಿಡೀ ಮಾತಾಡಿ ರೂಢಿ. ಇಲ್ಲಿ ಬಂದ ಕೂಡಲೇ ಕೆಲಸಕ್ಕೆ ಸೇರುವಂತಿರಲಿಲ್ಲ, ಭಾಷೆಯೂ ಬಾರದು. ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ಡು ಕೊಳ್ಳುವಾಗ ಬಾಯಿಗೆ ಬೀಗ ಜಡಿದಂತಾಗುತ್ತಿತ್ತು. ಪೇಟೆಯಲ್ಲಿ ದೊಡ್ಡವರಿಗೆ ಜರ್ಮನ್ ಕಲಿಸುವ ತರಗತಿಗೆ ಸೇರಿಕೊಂಡಳು. ಕೊನೆಯ ಪರೀಕ್ಷೆಯಲ್ಲಿ ಬಾಯಿ ಬಿಟ್ಟು ಮಾತಾಡಿ ಪಾಸಾದರೆ ಸರಿ, ಇಲ್ಲವಾದರೆ ಮತ್ತೆ ಬೆರಳು ತೋರಿಸುವ ಬಾಳೇ.

ಅವರ ಮನೆ ಕಾಡಿನ ಅಂಚಿನಲ್ಲಿತ್ತು. ಬಸ್ಸು ಊರೆಲ್ಲ ಸುತ್ತಿ ತರಗತಿ ಶುರುವಾದ ಮೇಲೆ ಮುಟ್ಟಿಸುವುದು. ಕಾಡಿನ ದಾರಿ ಮಾತ್ರ ನೆಟ್ಟಗೆ ಪೇಟೆಗೆ ಇಳಿಯುವುದು. ಸೈಕಲ್ ಬೇಕೇ ಬೇಕಾಯಿತು. ಆದರೆ ಮನೆಯೊಡತಿ ಫ್ರೌ ಶ್ಮಿಟ್ಸ್, ಕೆಳಗಿನ ಕೆಲ್ಲರಿನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಮನೆಗೊಂದೇ ಸೈಕಲ್ ಇಡಬೇಕೆಂದು ಮೊದಲೇ ಹೇಳಿಬಿಟ್ಟಿದ್ದಳು. ಗುರುಬಸಪ್ಪ ಗುಡ್ಡ ಹತ್ತುವಂಥ ದಪ್ಪ ಟೈರಿನದನ್ನು ತಂದು ನಿಲ್ಲಿಸಿದ.

"ನಿನಗ ಸಾಲಿಗೆ, ನನಗ ಕಾಡಿಗೆ. ಒಂದ ಗಾಡಿ, ಎಲ್ಲಾ ದಾರಿ!"

ಈ ಮಾತಿಗೆ ನಕ್ಕವನು ಆಫೀಸಿನ ಗೆಳೆಯ ಊವೆ. ಕಾರೇ ಬೇಡವೆಂದು ಹಟ ಹಿಡಿದು ನಾಲ್ಕು ಸೈಕಲ್ಲು ಸಾಕಿದವನು. ಕೆಸರಿಗೊಂದು, ಏರಿಗೊಂದು, ಕಲ್ಲಿನ ಇಳಿಜಾರಿಗೊಂದು, ಪೇಟೆಗೊಂದು. ಒಂದೇ ಸೈಕಲ್ಲು ಎಲ್ಲ ಕಡೆ ನಡೆಯುವುದು ಸುಳ್ಳು ಎಂದು ಅವನು, ನಮ್ಮೂರಲ್ಲಿ ಒಂದೇ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳು ಎಲ್ಲ ಬರುತ್ತಾರೆ ಎಂದು ಇವನು. ಚಳಿಗಾಲವೆಲ್ಲ ಇದೇ ಜಗಳ. ಕೆಸರಿನಲ್ಲಿ ಗುರುಬಸಪ್ಪ ಗೆದ್ದ. ಏರಿನಲ್ಲಿ ನಾಲಿಗೆ ಹೊರಗೆ ಹಾಕಿ ಗೆದ್ದ. ಹಿಮದಲ್ಲಿ ಬಿದ್ದನಾದರೂ ಎದ್ದು ಬಂದು ಅದನ್ನೂ ಗೆದ್ದೆನೆಂದ. ಉಳಿದಿದ್ದು ರೈನ್ ನದಿಯಾಚೆಯ ಗುಡ್ಡದ ಕಲ್ಲಿನ ಇಳಿಜಾರು.

ಅದಕ್ಕೆ ಅವನು ಆರಿಸಿದ್ದು ಕಾಂತಾಮಣಿಯ ಪರೀಕ್ಷೆಯ ಹಿಂದಿನ ಭಾನುವಾರ!

"ನಾಳೆ ಮುಂಜಾನೆ ನನ್ನ ಪರೀಕ್ಷಾ ಐತ್ರಿ. ಗಾಡಿಗೇನರ ಆದ್ರ?"

"ಏನೂ ಆಗೂದಿಲ್ಲ. ಸಂಜೀಕ ಇದ್ದಂಗ ತಂದ ಕೊಡ್ತೀನಿ."

ಸಂಜೆ ಬಾಗಿಲು ತೆರೆದರೆ ಗುರುಬಸಪ್ಪ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಮುಂದಿನ ಚಕ್ರ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುರುಟಿತ್ತು. ಹಿಂದೆ ಊವೆ, ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ.

ಕಾಂತಾಮಣಿ ಕೂಗಾಡಲಿಲ್ಲ. "ನಾ ಹೆಂಗ ಹೋಗ್ಲಿ?" ಎಂದಷ್ಟೇ ಕೇಳಿದಳು.

ಊವೆಯ ನಗು ಇಳಿಯಿತು. ತನ್ನ ನಾಲ್ಕನ್ನೂ ಕೊಡುವೆನೆಂದ. ಆದರೆ ಸೀಟು ಎಷ್ಟು ಇಳಿಸಿದರೂ ಅವಳ ಕಾಲು ಪೆಡಲಿಗೆ ಎಟುಕುವಂಥದು ಒಂದೂ ಇರಲಿಲ್ಲ. "ನಾಲ್ಕಿದ್ದವರದೂ ಅಷ್ಟ, ಒಂದಿದ್ದವರದೂ ಅಷ್ಟ!" ಎಂದಳು ಅವಳು. ಕೊನೆಗೆ ಊವೆ ಮನೆಗೆ ಹೋಗಿ ತನ್ನ ಕೆಸರಿನ ಸೈಕಲ್ಲಿನ ಚಕ್ರವನ್ನೇ ಬಿಚ್ಚಿ ತಂದ. ಅದು ಕೂತಿತು. ಅದರ ಟೈರು ಇನ್ನೂ ದಪ್ಪವಾದ್ದರಿಂದ ಮುಂದಿನ ಮಡ್‌ಗಾರ್ಡು ಮಾತ್ರ ಕೂರಲಿಲ್ಲ.

ಸೋಮವಾರ ಮುಂಜಾನೆ ಒದ್ದೆ ಕಾಡು ದಾಟಿ ಅವಳು ಹೊತ್ತಿಗೆ ಸರಿಯಾಗಿ ಮುಟ್ಟಿದಳು. ಮುಂದಿನ ಚಕ್ರ ಎರಚಿದ ಕೆಸರು ಗಲ್ಲದಿಂದ ಸೆರಗಿನವರೆಗೆ ರಂಗೋಲಿ ಬರೆದಿತ್ತು. ಒರೆಸಿಕೊಳ್ಳುವ ಮೊದಲೇ ಹೆಸರು ಕರೆದರು. ಬಾಯಿಪಾಠ ಮಾಡಿದ್ದ "ನನ್ನ ಕುಟುಂಬ" ಪೂರಾ ಮರೆತುಹೋಯಿತು. ಕನ್ನಡಕದ ಪರೀಕ್ಷಕಿ ಗಾಬರಿಯಿಂದ ಕೇಳಿದಳು, "ಏನಾಯಿತು ನಿಮಗೆ?"

ಕೇಳಿದ್ದೇ ತಡ, ಕಾಂತಾಮಣಿಯ ಬಾಯಿ ತೆರೆಯಿತು. ಗಂಡನ ಹಟ, ಊವೆಯ ನಾಲ್ಕು ಸೈಕಲ್ಲು, ಶನಿವಾರದ ಬೋಳು, ಭಾನುವಾರದ ಸಿಂಗಾರ, ಹಪ್ಪಳವಾದ ಚಕ್ರ, ಎಲ್ಲ ಜರ್ಮನ್ನಿನಲ್ಲೇ. ವ್ಯಾಕರಣ ಅಲ್ಲಲ್ಲಿ ಎಡವಿತು. ಅವಳು ನಿಲ್ಲಲಿಲ್ಲ. ಪರೀಕ್ಷಕರಿಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಹಾಗಾದರೆ ಒಂದೇ ಸೈಕಲ್ಲು ಎಲ್ಲ ದಾರಿಗೂ ಆಗುತ್ತದೆಯೋ ಇಲ್ಲವೋ?"

"ಕೆಸರಿಗೆ ಆಯಿತು, ಏರಿಗೆ ಆಯಿತು, ಕಲ್ಲಿಗೆ ಆಗಲಿಲ್ಲ. ಗಂಡ ಹೆಂಡತಿ ಇಬ್ಬರಿಗಂತೂ ಆಗುವುದೇ ಇಲ್ಲ."

ಪಾಸು ಮಾಡಿಯೇ ಕಳಿಸಿದರು.

ಆ ಉಮೇದಿನಲ್ಲೇ ಅವಳು, ಮೈಮೇಲಿನ ಕೆಸರು ಒಣಗುವ ಮೊದಲು, ಫ್ರೌ ಶ್ಮಿಟ್ಸಳ ಬಾಗಿಲು ತಟ್ಟಿದಳು. ಮನೆಗೊಂದು ಸೈಕಲ್ಲೆಂದರೆ ಸಂಸಾರ ಹೇಗೆ ಉಳಿಯಬೇಕೆಂದು ಜರ್ಮನ್ನಿನಲ್ಲೇ ಕೇಳಿದಳು. ಇಷ್ಟು ದಿನ ತಲೆಯಾಡಿಸಿ ಹೋಗುತ್ತಿದ್ದವಳು ಹೀಗೆ ಮಾತಾಡಿದ್ದು ಕಂಡು ಮುದುಕಿ ಬಾಯಿ ಬಿಟ್ಟಳು. ಆಮೇಲೆ ತಾನೇ ಕೆಲ್ಲರಿಗೆ ಇಳಿದು, ಬಟ್ಟೆ ಒಗೆಯುವ ಮಷೀನಿನ ಪಕ್ಕದ ಜಾಗ ಗುಡಿಸಿ ತೋರಿಸಿದಳು.

ಸಂಜೆ ಗುರುಬಸಪ್ಪ ಅಂಜುತ್ತಂಜುತ್ತ ಬಂದ. ಕಾಂತಾಮಣಿ ಅವನನ್ನು ನೆಟ್ಟಗೆ ಕೆಳಗೆ ಕರೆದೊಯ್ದಳು.

"ಇದು ನಿಮ್ಮ ಜಾಗಾ. ಕಲ್ಲಾಗ ಬೀಳಾಕ ಬ್ಯಾರೆ ಗಾಡಿ ತಗೋರಿ. ಈ ಹಳೇ ಗಾಡಿ ನಂದು. ಇನ್ನ ಇದರ ಸೀಟ್ ಮುಟ್ಟಿದ್ರ ನೋಡ್ರಿ!"

"ಆತವ್ವಾ. ಊವೆನ ಚಕ್ರ?"

"ಅದು ನನಗ ಆಗಿ ಬಂದೈತಿ, ಕೊಡೂದಿಲ್ಲ. ಅಂವಗ ನಾನ ಹೇಳ್ತೀನಿ ಬಿಡ್ರಿ, ಜರ್ಮನ್ದಾಗ."