ಅಣ್ಣನ ಮಗಳು ನಮ್ಮ ಮನೆಯಲ್ಲಿದ್ದ ವರ್ಷ

ಅಣ್ಣ ತೀರಿಕೊಂಡ ಎರಡನೇ ವರ್ಷ ವೈನಿಗೆ ಮತ್ತೆ ಮದುವೆಯಾಯಿತು. ವೈನಿ ಅಂದರೆ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಿಪ್ಪರಗಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ಅಣ್ಣ ಹೋದಾಗ ಅವಳಿನ್ನೂ ಮೂವತ್ತು ಕಂಡಿರಲಿಲ್ಲ. ಬೀಳಗಿಯ ಅವಳ ತವರಿನವರು ಮುಧೋಳದಲ್ಲಿ ಒಬ್ಬನನ್ನು ನೋಡಿದರು. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿಯವನು, ಹೆಂಡತಿ ತೀರಿಹೋಗಿ ಒಬ್ಬ ಮಗನಿದ್ದವನು. ಗುಡಿಯಲ್ಲಿ ನಾಲ್ಕು ಜನರ ಎದುರು ಮದುವೆ ಮುಗಿಯಿತು. ಮಗಳು ಮಾತ್ರ ಜಮಖಂಡಿಯ ನಮ್ಮ ತವರುಮನೆಯಲ್ಲೇ ಉಳಿದಳು. ಮುಧೋಳದವರಿಗೆ ಮಗು ಬೇಡವಂತೆ ಎಂದು ಅವ್ವ ಹೇಳಿದಳು. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ.

ಅವ್ವನಿಗೆ ಮೊಣಕಾಲು ನೋವು. ಏಳು ವರ್ಷದ ಹುಡುಗಿಯ ಹಿಂದೆ ಓಡಾಡಲು ಆಗಲಿಲ್ಲ. ರಬಕವಿಯ ನನ್ನ ಮನೆಗೆ ಅವಳನ್ನು ಕರೆತಂದೆ. ನಮ್ಮ ಇಬ್ಬರು ಗಂಡುಮಕ್ಕಳು ಆಗಲೇ ಕಾಲೇಜಿಗೆ ಹೋಗುತ್ತಿದ್ದರು. ಹೊರಗಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಒಳಗೆ ನಾವು. ಮಗ್ಗದ ಸದ್ದಿಗೆ ಅವಳು ಹೆದರುತ್ತಾಳೇನೋ ಅಂದುಕೊಂಡಿದ್ದೆ. ಅವಳು ಹೆದರಿದ್ದು ಕರೆಂಟು ಹೋಗಿ ಮಗ್ಗ ನಿಂತಾಗ. ತಟ್ಟನೆ ಎದ್ದು ಬಾಗಿಲಿಗೆ ಹೋಗಿ ಓಣಿಯ ಎರಡೂ ಕಡೆ ನೋಡುತ್ತಿದ್ದಳು. "ಯಾರರ ಬಂದಾರೇನ್ ಅತ್ತಿ?" ಎಂದು ಕೇಳುತ್ತಿದ್ದಳು. ಯಾರೂ ಬಂದಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆ ಬಿಟ್ಟರೂ ಅವಳು ಬರಲಿಲ್ಲ. ನಾನು ಒಲೆಯ ಮೇಲಿನ ಸಾರು ಹಾಗೇ ಬಿಟ್ಟು ಓಡಿದೆ. ಶಾಲೆಯಲ್ಲಿಲ್ಲ, ಗೆಳತಿಯರ ಮನೆಯಲ್ಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ, ಮುಧೋಳದ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಪಾಟಿಚೀಲ ಅಪ್ಪಿಕೊಂಡು ಕುಳಿತಿದ್ದಳು. ಪಕ್ಕದ ಹೆಂಗಸಿನ ಜೊತೆ ಬಂದ ಮಗುವೆಂದು ಕಂಡಕ್ಟರ್ ತಿಳಿದಿದ್ದನಂತೆ. ಕೆಳಗಿಳಿಸಿದೆ. ಹೊಡೆಯಬೇಕೆನಿಸಿತು, ಕೈ ಏಳಲಿಲ್ಲ.

"ಎಲ್ಲಿಗೆ ಹೊಂಟಿದ್ದಿ?"

"ಅವ್ವನ ಮನಿಗೆ."

"ನನಗ ಹೇಳಿದ್ರ ನಾನ ಕರಕೊಂಡ ಹೋಗ್ತಿದ್ನಲ್ಲ."

"ಬರೇ ಹೇಳ್ತಿ ಅತ್ತಿ. ಕರಕೊಂಡ ಹೋಗಂಗಿಲ್ಲ."

ಅದು ನಿಜವಾಗಿತ್ತು. ಬೇಡವೆಂದವರ ಬಾಗಿಲಿಗೆ ಅವಳನ್ನು ಕರೆದೊಯ್ಯಲು ನನಗೆ ಮನಸ್ಸಿರಲಿಲ್ಲ. ವೈನಿಯೇ ಹಬ್ಬಕ್ಕೊಮ್ಮೆ ಬರುತ್ತಿದ್ದಳು. ಮಗಳ ತಲೆ ಬಾಚಿ, ಉಗುರು ತೆಗೆದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಾನು ಚಹಾ ಕೊಡುತ್ತಿದ್ದೆ, ಮಾತು ಕೊಡುತ್ತಿರಲಿಲ್ಲ.

ಆ ದಿನದ ನಂತರ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಶಾಲೆ ಬಿಡುವ ಮೊದಲೇ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಅದನ್ನು ಕಂಡ ಶಾಲೆಯ ಮುಖ್ಯೋಪಾಧ್ಯಾಯಿನಿ ಒಳಗೆ ಕರೆದು ಕೂರಿಸಿದರು. "ತಂದಿ ಇಲ್ಲದ ಮಕ್ಕಳ ಸಾಲಿ ಖರ್ಚಿಗೆ ಸರ್ಕಾರದ ನೆರವು ಐತ್ರಿ. ಒಂದ ಅರ್ಜಿ ಕೊಡ್ರಿ" ಎಂದರು. ಕೊಟ್ಟೆ. ಹಣಕ್ಕಿಂತ ಹೆಚ್ಚಾಗಿ, ಈ ಮಗು ನನ್ನ ಹತ್ತಿರ ಇದೆ ಎಂದು ಎಲ್ಲಾದರೂ ಬರೆದಿರಲಿ ಎಂಬ ಆಸೆ ನನಗಿತ್ತು.

ಕೆಲವು ವಾರಗಳ ಮೇಲೆ ಸರ್ಕಾರದ ಮಕ್ಕಳ ರಕ್ಷಣಾ ಘಟಕದಿಂದ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬಳು ವಿಚಾರಣೆಗೆ ಬಂದಳು. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಬೇಕಾಯಿತು.

"ತಾಯಿ ಅದಾರಲ್ರಿ. ಅವರು ಏನಂತಾರ?"

"ಬಿಟ್ಟ ಹೋದವರು ಏನಂತಾರ್ರಿ?"

"ಅದನ್ನ ಅವರ ಬಾಯಿಂದ ಕೇಳಬೇಕ್ರಿ ಅಕ್ಕಾರ. ತಾಯಿ ಇದ್ದಾಗ ಕೂಸು ತಾಯಿ ಕಡೆ ಯಾಕಿಲ್ಲ ಅಂತ ಮಕ್ಕಳ ಕಲ್ಯಾಣ ಸಮಿತಿಯವರು ಕೇಳ್ತಾರ."

ಬೇಕಿದ್ದರೆ ಅರ್ಜಿ ವಾಪಸ್ ಕೊಡಿ ಎಂದೆ. ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. ಮಗು ಒಬ್ಬಳೇ ಬಸ್ಸು ಹತ್ತಿದ್ದನ್ನು ಶಾಲೆಯವರು ಆಗಲೇ ಹೇಳಿದ್ದರು. ಇನ್ನು ಸುಮ್ಮನಿರಲು ಬರುವುದಿಲ್ಲ ಎಂದಳು.

ಬಾಗಲಕೋಟೆಗೆ ಕರೆ ಬಂತು. ಮಕ್ಕಳ ಕಲ್ಯಾಣ ಸಮಿತಿಯ ಕೋಣೆಯ ಹೊರಗೆ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ವೈನಿ ಮತ್ತು ಅವಳ ಗಂಡ. ನಡುವೆ ಹುಡುಗಿ ಕಾಲು ಆಡಿಸುತ್ತ, ಒಮ್ಮೆ ಇತ್ತ ಸರಿದು ಒಮ್ಮೆ ಅತ್ತ ಸರಿದು ಕುಳಿತಿದ್ದಳು. ಮೊದಲು ಸಮಿತಿಯ ಹಿರಿಯ ಹೆಂಗಸೊಬ್ಬರು ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋದರು. ಅಲ್ಲಿ ಅವಳೇನು ಹೇಳಿದಳೋ ನಮಗೆ ಯಾರೂ ತಿಳಿಸಲಿಲ್ಲ. ಆಮೇಲೆ ನಮ್ಮನ್ನು ಕರೆದು ಅದೇ ಹೆಂಗಸು ವೈನಿಯ ಗಂಡನನ್ನು ನೇರವಾಗಿ ಕೇಳಿದರು: "ಕೂಸನ್ನ ನಿಮ್ಮ ಮನ್ಯಾಗ ಇಟ್ಕೊಳ್ಳಾಕ ನಿಮಗ ಏನ್ ತ್ರಾಸು?"

ಅವನು ಗಲಿಬಿಲಿಗೊಂಡ. "ನನಗ ತ್ರಾಸು ಇಲ್ರಿ. ಲಗ್ನದ ದಿನಾನ ಕರಕೊಂಡ ಬಾ ಅಂದೇನಿ. ಇಕೀನ ಬ್ಯಾಡ ಅಂದ್ಲು."

ನಾನು ವೈನಿಯ ಕಡೆ ತಿರುಗಿದೆ. ಅವಳು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಹೇಳಿದಳು.

"ಅತ್ತಿ ಆಣಿ ಹಾಕ್ಸಿದ್ರು. ಮಗಳ ತೆಲಿ ಮ್ಯಾಲ ನನ್ನ ಕೈ ಇಡಿಸಿ. ನೀ ಎಲ್ಲೆರ ಹೋಗು, ನನ್ನ ಮಗನ ಕುಡಿ ಮಾತ್ರ ನಮ್ಮ ಕಡೆನ ಇರಬೇಕು ಅಂದ್ರು. ಆಣಿ ಮುರದ್ರ ಕೂಸಿಗೆ ಏನರ ಆದೀತಂತ ನಾ ಸುಮ್ಮನಾದೆ."

ಅವಳ ಅತ್ತೆ ಅಂದರೆ ನನ್ನ ಅವ್ವ. ಬೇಸಿಗೆ ರಜೆಯವರೆಗೆ ಮಗು ನನ್ನ ಹತ್ತಿರವೇ ಇರಲಿ, ತಾಯಿ ವಾರಕ್ಕೊಮ್ಮೆ ಬಂದು ಹೋಗಲಿ, ರಜೆಯಲ್ಲಿ ಮುಧೋಳಕ್ಕೆ ಹೋಗಿ ಇದ್ದು ನೋಡಲಿ ಎಂದು ಸಮಿತಿಯವರು ಹೇಳಿದರು.

ನಾನು ಮರುದಿನವೇ ಜಮಖಂಡಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಖರೆ ಏನ್ ಬೇ ಅವ್ವಾ?"

"ಹೌದು, ಹಾಕ್ಸೇನಿ" ಎಂದಳು, ತಲೆ ಎತ್ತದೆ. "ಅವ ಹೋದ. ಅವಂದು ಒಂದರ ಉಳೀಬೇಕಿತ್ತಿಲ್ಲೋ?"

"ಅದು ಸಣ್ಣ ಕೂಸು ಬೇ. ಅವ್ವ ಬೇಕಂತ ಬಸ್ ಹತ್ತಿ ಕುಂತಿತ್ತು."

ಆಣೆ ಬಿಡಿಸು ಎಂದರೆ ಅವ್ವ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಊಟ ಮಾಡದೆ ಬಂದೆ. ಆ ಚಳಿಗಾಲವೆಲ್ಲ ನನ್ನೊಳಗೆ ಎರಡು ಮನಸ್ಸು ಜಗಳಾಡಿದವು. ಅವ್ವನ ಮೇಲೆ ಸಿಟ್ಟಿತ್ತು. ಅವಳು ಹೀಗೇ ಹಟ ಹಿಡಿದರೆ ಹುಡುಗಿ ನನ್ನಲ್ಲೇ ಉಳಿಯುತ್ತಾಳೆ ಎಂಬ ಲೆಕ್ಕವೂ ಒಳಗೊಳಗೆ ನಡೆಯುತ್ತಿತ್ತು. ವೈನಿ ಪ್ರತಿ ರವಿವಾರ ಬರತೊಡಗಿದಳು. ನಾನು ಈಗ ಅವಳನ್ನು ಊಟಕ್ಕೆ ನಿಲ್ಲಿಸಿಕೊಳ್ಳುತ್ತಿದ್ದೆ. ಅವಳು ಹೋಗುವ ಹೊತ್ತಾದಂತೆ ಮೂವರಲ್ಲಿ ಯಾರಿಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಅವ್ವ ತಾನಾಗಿಯೇ ಫೋನು ಮಾಡಿ, ಕೂಸು ಬಸ್ ಹತ್ತಿದ್ದು ತೆಲ್ಯಾಗಿಂದ ಹೋಗವಲ್ದು, ನನ್ನ ಕರಕೊಂಡ ಹೋಗು ಎಂದಳು. ನಮ್ಮ ಮನೆಯವರು ಆಟೋದಲ್ಲಿ ಕರೆತಂದರು. ಅದು ರವಿವಾರ, ವೈನಿ ಮಗಳಿಗೆ ಜಡೆ ಹಾಕುತ್ತಿದ್ದಳು. ಅವ್ವ ಗೋಡೆ ಹಿಡಿದು ಬಂದು ಹುಡುಗಿಯ ತಲೆಯ ಮೇಲೆ ಕೈ ಇಟ್ಟಳು.

"ನಾ ಹಾಕಿದ್ದ ಆಣಿ ನಾನ ತಗದೇನಿ. ನಿನ್ನ ಮಗಳನ್ನ ಕರಕೊಂಡ ಹೋಗು" ಎಂದಳು ವೈನಿಗೆ. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದಳು. ವೈನಿ ಅತ್ತಳು. ಹುಡುಗಿ ಅರ್ಧ ಹಾಕಿದ ಜಡೆಯನ್ನು ಹಿಡಿದುಕೊಂಡು, "ಪೂರ್ತಿ ಹಾಕಬೇ ಅವ್ವಾ" ಎಂದು ಅವಸರ ಮಾಡಿದಳು.

ರಜೆಗೆ ಹೋದವಳು ಅಲ್ಲೇ ಉಳಿದಳು. ಜೂನ್‌ನಲ್ಲಿ ಶಾಲೆಯ ದಾಖಲೆಯೂ ಅಲ್ಲಿಗೆ ಹೋಯಿತು. ವಿಚಾರಣೆಗೆ ಬಂದಿದ್ದ ಅಧಿಕಾರಿ, ನೆರವಿನ ಅರ್ಜಿಯನ್ನು ಇನ್ನು ತಾಯಿಯೇ ಹಾಕಬೇಕು ಎಂದು ಫೋನಿನಲ್ಲಿ ತಿಳಿಸಿದಳು. ಶಾಲೆ ಬಿಡುವ ಹೊತ್ತಿಗೆ ನಾನು ಆಮೇಲೂ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ, ನೆನಪಾಗಿ ಮರಳುತ್ತಿದ್ದೆ.

ಶ್ರಾವಣದಲ್ಲಿ ಮುಧೋಳಕ್ಕೆ ಹೋದೆ. ಅವಳು ಅಂಗಡಿಯ ಮುಂದೆ, ವೈನಿಯ ಗಂಡನ ಮಗನ ಜೊತೆ ಸೈಕಲ್ಲಿಗಾಗಿ ಜಗಳಾಡುತ್ತಿದ್ದಳು. ಮೊಣಕೈಗೆ ಗ್ರೀಸು ಹತ್ತಿತ್ತು. ನನ್ನನ್ನು ಕಂಡು ಓಡಿ ಬಂದು ಸೊಂಟ ಹಿಡಿದಳು, ಮತ್ತೆ ಸೈಕಲ್ಲಿನತ್ತ ತಿರುಗಿ ನೋಡಿದಳು.

"ಅತ್ತಿ, ಇವತ್ತ ಹೊಳ್ಳಿ ಹೋಗ್ತಿ ಏನ್?"

"ಹೂಂ, ಹೋಗಬೇಕಲ್ಲ."

"ಹಂಗಾರ ಉಂಡ ಹೋಗು. ಅವ್ವ ಹೋಳಿಗಿ ಮಾಡ್ಯಾಳ" ಎಂದು ಒಳಗೆ ಓಡಿ, ನನಗೆ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ತಂದಳು. ಮನೆಗೆ ಬಂದ ನೆಂಟರಿಗೆ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಕಾಲು ತೊಳೆದುಕೊಂಡು ಊಟಕ್ಕೆ ಕುಳಿತೆ.