ಮೌಲಾಸಾಬನಿಗೆ ಕೇಳಿಸದ ಎರಡನೇ ಗೇರು

ಮೌಲಾಸಾಬ ಮಿಸ್ತ್ರಿ ಗಾಡಿಯ ರೋಗ ಕಂಡುಹಿಡಿಯುತ್ತಿದ್ದದ್ದು ಗಾಡಿಗೆ ಬೆನ್ನು ಮಾಡಿ ನಿಂತು. ಗಿರಾಕಿ ಗಾಡಿ ಚಾಲೂ ಮಾಡಬೇಕು. ಇವನು ಗೋಡೆಯ ಕಡೆ ಮುಖ ಹಾಕಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಯಾರ ಮೇಲೋ ಮುನಿಸಿಕೊಂಡವನ ಹಾಗೆ ನಿಲ್ಲುತ್ತಿದ್ದ. "ರೇಸ್ ಕೊಡ್ರಿ... ಬಿಡ್ರಿ... ಮತ್ತೊಮ್ಮೆ ಕೊಡ್ರಿ." ಹೊಸದಾಗಿ ಬಂದವರು ಇವನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಮೊದಲ ಸಲ ನಾನೂ ನೋಡಿದ್ದೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಕಣ್ಣು ಭಾಳ ಬಡಬಡಸ್ತೈತ್ರಿ ಗುರುಜೀ. ಅದು ಸುಮ್ಮನಾದ್ರ ಕಿವಿಗೆ ಕೇಳಸ್ತೈತಿ" ಅಂದಿದ್ದ.

ಜತ್ತದಿಂದ ಮುಚ್ಚಂಡಿಗೆ ಹೊರಡುವ ರಸ್ತೆಯ ಬಾಯಿಗೇ ಅವನ ಮೋಟರ್‌ಸೈಕಲ್ ಗ್ಯಾರೇಜು. ಮೇಲೆ ತಗಡು, ಮುಂದೊಂದು ಬೇವಿನ ಗಿಡ, ಒಳಗೆ ಗೋಡೆ ತುಂಬ ನಟ್ಟು ಬಿಚ್ಚುವ ಪಾನಾಗಳು. ಮುಚ್ಚಂಡಿಯವನಾದ ನಾನು ಕನ್ನಡ ಶಾಲೆಯ ಮಾಸ್ತರ. ಮಹಾರಾಷ್ಟ್ರದಲ್ಲಿ ಕನ್ನಡ ಕಲಿಸುವವನಿಗೆ ಬೇರೆ ಏನಿರಲಿ ಬಿಡಲಿ, ಗುರುಜಿ ಅನ್ನುವ ಮರಾಠಿ ಗೌರವ ಮಾತ್ರ ತಪ್ಪದೆ ಸಿಗುತ್ತದೆ. ಅವನು ನನಗಿಂತ ಎರಡು ವರ್ಷಕ್ಕೆ ಸಣ್ಣವ. ಗಾಡಿಯ ಜೊತೆ ದಖನಿ ಮಾತಾಡುತ್ತಿದ್ದ, ಗಿರಾಕಿಯ ಜೊತೆ ಕನ್ನಡ, ವಿಮೆಯ ಕಾಗದ ಓದುವಾಗ ಮರಾಠಿ. ಬಿಗಿದ ನಟ್ಟು ಬಿಚ್ಚದಿದ್ದರೆ "ಕೈಕು ಐಸಾ ಕರ್ತಾ ರೇ" ಎಂದು ಅದನ್ನೇ ಕೇಳುವನು, ಯಾಕಪ್ಪಾ ಹೀಗೆ ಮಾಡ್ತೀ ಎಂದು. ಅದು ಬಿಚ್ಚಿದ ಮೇಲೆ "ಶಾಣ್ಯಾ" ಎಂದು ಮೆಚ್ಚುವನು.

ದ್ರಾಕ್ಷಿ ವ್ಯಾಪಾರಿಯೊಬ್ಬ ಒಮ್ಮೆ ಇಂಜಿನ್ನಿನಲ್ಲಿ ಟಕ್ ಟಕ್ ಸದ್ದು ಬರುತ್ತದೆ ಎಂದು ಗಾಬರಿಯಾಗಿ ಬಂದ. ಇಂಜಿನ್ ಬಿಚ್ಚಲೇಬೇಕು ಎಂದು ಬೇರೆ ಕಡೆ ಹೇಳಿದ್ದರಂತೆ. ಮೌಲಾಸಾಬ ಗೋಡೆಗೆ ಮುಖ ಮಾಡಿ ಒಂದು ನಿಮಿಷ ನಿಂತ. "ಸಾವುಕಾರ್ರ, ನಿಮ್ಮ ಬಗಲ ಡಬ್ಬಿಯೊಳಗ ಊಟದ ಡಬ್ಬಿ ಐತೇನ್ರಿ? ಅದರಾಗಿನ ಚಮಚ ತಗದ ಕಿಸೆದಾಗ ಇಟ್ಗೋರಿ." ಸದ್ದು ನಿಂತಿತು. ವ್ಯಾಪಾರಿ ನಾಚಿಕೊಂಡು ಹೋದ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಮೌಲಾಸಾಬ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಅವನಿಗೆ ಆಗದ್ದು ಒಂದೇ, ಗಾಡಿಯ ಮೇಲಿನ ಶೃಂಗಾರ. ಬಣ್ಣದ ದೀಪ, ಬೊಬ್ಬೆ ಹಾಕುವ ಹಾರ್ನು, ಇವನ್ನು ಹಿಡಿದುಕೊಂಡು ಬಂದವರಿಗೆ "ಗಾಡಿಗೆ ಬಾಸಿಂಗ ಕಟ್ಟೂದು ನನ್ನ ಧಂದಾ ಅಲ್ರಿ" ಎಂದು ಕೈಮುಗಿಯುತ್ತಿದ್ದ. ಹೀಗಾಗಿ ಗೇರ್ ಇಂಡಿಕೇಟರಿನ ಪೆಟ್ಟಿಗೆ ಹಿಡಿದು ಅವನ ಮುಂದೆ ನಿಂತ ದಿನ, ನನಗೂ ಕೈಮುಗಿದು ಕಳಿಸುತ್ತಾನೆಂದೇ ಅಂದುಕೊಂಡಿದ್ದೆ.

ಆ ಗಾಡಿಯ ಮಾತು ಮೊದಲು ಹೇಳಬೇಕು. ದೂರದ ಪ್ರವಾಸಕ್ಕೆಂದೇ ಮಾಡಿದ ದೊಡ್ಡ ಗಾಡಿ ಅದು, ಎರಡೂ ಬಗಲಿಗೆ ಡಬ್ಬಿ, ಐದು ಗೇರು. ನಲವತ್ತೈದನೆಯ ವಯಸ್ಸಿನಲ್ಲಿ ತೆಗೆದುಕೊಂಡೆ. "ಮುದುಕ ಆಗೂ ಹೊತ್ತಿನ್ಯಾಗ ಇದೇನ ಹುಚ್ಚು" ಎಂದು ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು. ದೀಪಾವಳಿಯ ರಜೆ ಬಂತೆಂದರೆ ನಾನು ಊರಲ್ಲಿ ಇರುತ್ತಿರಲಿಲ್ಲ. ಕೊಂಕಣ, ಗೋವಾ, ಒಂದು ಸಲ ಕಾರವಾರದ ತನಕ. ವರ್ಷವಿಡೀ ಮಗ್ಗಿ ಹೇಳಿಸುವವನಿಗೆ ಆ ಎಂಟು ದಿನವೇ ಬದುಕು ಅನ್ನಿಸುತ್ತಿತ್ತು. ಇದರಲ್ಲಿ ಸ್ವಲ್ಪವೂ ಉತ್ಪ್ರೇಕ್ಷೆ ಇಲ್ಲ.

ಸಕ್ಕರೆ ಕಾಯಿಲೆ ನನಗೆ ಮೊದಲಿನಿಂದ ಇತ್ತು. ಬರಬರುತ್ತ ಎಡಗಾಲಿನ ಬೆರಳು ಜೋಮು ಹಿಡಿದು, ಆಮೇಲೆ ಜೋಮೂ ಹೋಗಿ, ಏನೂ ಗೊತ್ತಾಗದ ಸ್ಥಿತಿಗೆ ಬಂತು. ಗಾಡಿ ಕಡಿಮೆ ಮಾಡಿ ಎಂದು ಮಿರಜದ ಡಾಕ್ಟರು ಹೇಳಿದರು. ಮನೆಯಲ್ಲಿ ನಾನು "ಸಕ್ಕರಿ ಕಡಿಮಿ ಮಾಡ್ರಿ ಅಂದಾರ" ಎಂದಷ್ಟೇ ಹೇಳಿದೆ. ಆದರೆ ಗೇರು ಹಾಕುವುದು ಎಡಗಾಲಲ್ಲವೇ? ಬಿತ್ತೋ ಇಲ್ಲವೋ ಕಾಲಿಗೆ ತಿಳಿಯದು. ಒಮ್ಮೆ ಕೊಂಕಣದ ಘಾಟಿನಲ್ಲಿ, ಎರಡನೆಯದರಲ್ಲಿ ಇದ್ದೇನೆಂದು ನಂಬಿ ನಾಲ್ಕನೆಯದರಲ್ಲಿ ತಿರುವು ಏರಲು ಹೋಗಿ, ಗಾಡಿ ಬಂದಾಗಿ, ಹಿಂದಿನ ಲಾರಿಯವನ ಬಾಯಿಂದ ನನ್ನ ತಂದೆತಾಯಿಗೆಲ್ಲ ಬೈಗುಳ ಕೇಳಿಸಿಕೊಂಡೆ. ಊರಿಗೆ ಬಂದವನೇ ಆ ಪೆಟ್ಟಿಗೆ ತರಿಸಿದ್ದು. ಯಾವ ಗೇರಿನಲ್ಲಿದ್ದೇವೆಂದು ಕಣ್ಣ ಮುಂದೆ ಕೆಂಪು ಅಂಕಿ ತೋರಿಸುವ ಸಣ್ಣ ಯಂತ್ರ ಅದು.

ಮೌಲಾಸಾಬ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಕಾಲು ಕೆಲಸಾ ಮಾಡೂ ಮನಶ್ಯಾಗ ಇದ್ಯಾಕ್ರಿ?"

"ಈಗ ಎಲ್ಲಾರೂ ಹಾಕಸ್ತಾರೋ ಮಾರಾಯಾ. ಹಾಕು."

"ಬ್ಯಾರೆ ಯಾರರ ಆಗಿದ್ರ ವಾಪಸ್ ಕಳಸ್ತಿದ್ದೆ" ಅಂದವನು, ಹೆಡ್‌ಲೈಟು ಬಿಚ್ಚಿದ.

ಹತ್ತು ಗಂಟೆಗೆ ಶುರುವಾದ ಕೆಲಸ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟರೆ ಮೂರರ ತನಕ ನಡೆಯಿತು. ಕಂಪನಿಯ ವಾಯರು ಕತ್ತರಿಸುವುದು ಅವನ ಲೆಕ್ಕದಲ್ಲಿ ಹರಾಮು. ಸಿಪ್ಪೆಯನ್ನಷ್ಟೇ ಅರ್ಧ ಬೆರಳು ಸುಲಿದು, ಹೊಸ ವಾಯರಿನ ಎಳೆ ಅದಕ್ಕೆ ಸುತ್ತಿ, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ ಬಿಸಿ ಮಾಡಿ ಬಿಗಿ ಮಾಡುತ್ತಿದ್ದ. ಒಂದು ವಾಯರು ಕರೆಂಟಿಗೆ, ಒಂದು ಗಾಡಿಯ ಚಾಸಿಗೆ, ಒಂದು ಇಂಜಿನ್ನಿನ ತಿರುವು ಎಣಿಸಲು, ಒಂದು ಗಾಲಿಯ ವೇಗ ತಿಳಿಯಲು. ಇಂಜಿನ್ನು ಎಷ್ಟು ತಿರುಗಿದರೆ ಗಾಲಿ ಎಷ್ಟು ಓಡುತ್ತದೆ ಎಂದು ನೋಡಿ ಯಂತ್ರ ಗೇರು ಗುರುತಿಸುತ್ತದೆ. ಆದರೆ ಅದಕ್ಕೆ ಮೊದಲು ಒಂದೊಂದೇ ಗೇರು ಕಲಿಸಿಕೊಡಬೇಕು. ಗುಂಡಿ ಒತ್ತಿದರೆ ಒಂದು ಎಂಬ ಅಂಕಿ ಮಿಣುಕುತ್ತದೆ. ಮೊದಲ ಗೇರಿನಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ, ಕಲಿತಾದ ಮೇಲೆ ಅದು ನಿಂತು ಎರಡು ಮಿಣುಕುತ್ತದೆ. ಹೀಗೆ ಐದರ ತನಕ. ಕಾಗದದಲ್ಲಿದ್ದ ಇಂಗ್ಲಿಷನ್ನು ನಾನು ಓದಿ ಹೇಳಿದೆ.

ಮೌಲಾಸಾಬನಿಗೆ ನಗು ತಡೆಯಲಿಲ್ಲ. "ಇದು ನನ್ನ ಧಂದಾ ಅಲ್ಲ, ನಿಮ್ಮದು! ಒಂದನೇ ಇಯತ್ತೆ ಮಕ್ಕಳ ಪಾಠ ಐತಿ. ನೀವ ಕಲಸ್ರಿ, ನಾ ಹಿಂದ ಕೂಡ್ತೀನಿ."

ಮುಚ್ಚಂಡಿ ರಸ್ತೆಗೆ ಹೊರಟೆವು. ಒಂದು ಕಲಿತಿತು. ಎರಡು ಮಿಣುಕಿದಾಗ ಲೀವರನ್ನು ಕಾಲಿನಿಂದ ಎತ್ತಿದೆ. ಬಿತ್ತೋ ಇಲ್ಲವೋ ತಿಳಿಯಲಿಲ್ಲ. ಮತ್ತೊಮ್ಮೆ ಎತ್ತಿದೆ. ಎರಡು ಕಲಿತಿತು. ಮೂರು, ನಾಲ್ಕು ಆದವು. ಐದು ಮಿಣುಕತೊಡಗಿತು. ಎತ್ತಿದೆ, ಎತ್ತಿದೆ, ಗಾಡಿಯಲ್ಲಿ ಇನ್ನು ಗೇರೇ ಇಲ್ಲ. ದಾಳಿಂಬೆ ತೋಟವೊಂದರ ಬೇಲಿಯ ಹತ್ತಿರ ನಿಲ್ಲಿಸಿದೆ.

"ಮಾಲ ಖರಾಬ್ ಐತಿ ಮೌಲಾಸಾಬ. ವಾಪಸ್ ಕಳಸ್ತೀನಿ" ಅಂದೆ.

ಅವನು ಇಳಿದು ಬಂದು ಅಂಕಿಯ ಕಡೆ ನೋಡಲೇ ಇಲ್ಲ. ನನ್ನ ಎಡಗಾಲು ನೋಡುತ್ತ ನಿಂತ. "ಮಾಲ ಚಲೋ ಐತ್ರಿ. ಒಂದರ ಮ್ಯಾಲ ಸೀದಾ ಮೂರು ಬಿತ್ತು. ಎರಡನೇ ಗೇರಿನ ಆವಾಜ ನನಗ ಕೇಳಲೇ ಇಲ್ಲ." ನನ್ನ ಕಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಬೂಟ ತಗೀರಿ" ಅಂದ.

ಶಾಲೆಯ ಹುಡುಗನ ಹಾಗೆ ತೆಗೆದೆ. ಕಣ್ಣು ಮುಚ್ಚಿಸಿದ. "ಯಾವ ಬಟ್ಟು ಒತ್ತೀನಿ, ಹೇಳ್ರಿ." ಹೆಬ್ಬೆರಳು ಅಂದೆ. ಕಣ್ಣು ಬಿಟ್ಟರೆ ಅವನ ಉಗುರು ಕಿರುಬೆರಳಿನ ಮೇಲಿತ್ತು. ಬಲಗಾಲಿನ ಬೂಟಿನ ಕಡೆ ಕೈ ಮಾಡಿದ. ಅದರಲ್ಲಿ ಐದಕ್ಕೆ ಐದು ಸರಿಯಾಗಿ ಹೇಳಿದೆ. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಯಾವಾಗಿಂದ್ರಿ?"

"ವರ್ಷ ಆತು."

"ಮನ್ಯಾಗ ಅಕ್ಕಾರಿಗೆ?"

"ಹೇಳಿಲ್ಲ. ಹೇಳಬ್ಯಾಡ."

ಅವನು ಅಲ್ಲೇ ಗಟಾರದ ಕಲ್ಲಿನ ಮೇಲೆ ಕೂತ. "ಹೇಳಂಗಿಲ್ಲ. ಖರೆ, ತಿಂಗಳಿಗೊಮ್ಮೆ ನನ್ನ ಹಂತೇಕ ಬರಬೇಕು. ಎಡಗಾಲಿಗೆ ಅಂಕಿ ಬಂತು, ಕಣ್ಣಿಲೆ ನೋಡಿ ಹೊಡೀರಿ. ಬಲಗಾಲು ಬ್ರೇಕಿಂದು. ಬ್ರೇಕ್ ಒತ್ತೇವೋ ಇಲ್ಲೋ ಅಂತ ತೋರಸೂ ಡಬ್ಬಿ ಯಾರೂ ಮಾಡಿಲ್ಲ. ಅದು ಹೋದ ದಿನ ಗಾಡಿ ಬಿಡಬೇಕು. ಹೂಂ ಅಂತೀರೇನು?"

ಹೂಂ ಅಂದೆ. ಕಲಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆವು. ಪ್ರತಿ ಗೇರಿಗೂ ನಾನು ಗಟ್ಟಿಯಾಗಿ "ಎರಡು!" ಎನ್ನಬೇಕು, ಹಿಂದೆ ಅವನು ಕೇಳಿ "ಹೂಂ" ಎನ್ನಬೇಕು. ಕುರಿ ಕಾಯುತ್ತಿದ್ದ ಮುದುಕನೊಬ್ಬ, ಗುರುಜಿಗೆ ರಸ್ತೆಯ ಮೇಲೂ ಅಂಕಿ ಬಿಡಲಿಲ್ಲವಲ್ಲ ಎನ್ನುವ ಮುಖ ಮಾಡಿ ನೋಡಿದ.

ಆಮೇಲೆ ಎರಡು ವರ್ಷ ಪ್ರತಿ ತಿಂಗಳ ಮೊದಲ ರವಿವಾರ ನಾನು ಗ್ಯಾರೇಜಿಗೆ ಹೋದೆ. ಚೈನಿಗೆ ಎಣ್ಣೆ ಬಿಡಿಸುವುದು ನೆಪ. ಹಿಂದಿನ ಕೋಣೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಾನು ಕೂರಬೇಕು. ಅವನು ಸೋಪಿನ ಪುಡಿ ಹಚ್ಚಿ ಮೊಣಕೈತನಕ ಕೈ ತೊಳೆದುಕೊಂಡು ಬರುತ್ತಿದ್ದ. ಇಷ್ಟೇಕೆ ಎಂದರೆ, "ಗುರುಗೋಳ ಕಾಲು ಎಣ್ಣಿಗೈಲೆ ಮುಟ್ಟಬಾರ್ದರಿ" ಅನ್ನುತ್ತಿದ್ದ. ನನಗೆ ಭೂಮಿಗೆ ಇಳಿದುಹೋಗುವಷ್ಟು ಸಂಕೋಚ. ಕಣ್ಣು ಮುಚ್ಚುವುದು, ಬೆರಳು ಹೇಳುವುದು, ಎದ್ದು ಚಹಾ ಕುಡಿಯುವುದು. ಆ ಎರಡೂ ದೀಪಾವಳಿಗೆ ಪ್ರವಾಸ ಹೋದೆ. ಕೆಂಪು ಅಂಕಿ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಸಮುದ್ರದ ಮುಂದೆ ಗಾಡಿ ನಿಲ್ಲಿಸಿ ಫೋಟೋ ಕಳಿಸಿದರೆ ಅವನಿಂದ ಬರುತ್ತಿದ್ದ ಉತ್ತರ ಒಂದೇ: ಬಲಗಾಲು?

ಹೋದ ವರ್ಷ ಕನ್ಯಾಕುಮಾರಿಗೆ ಹೋಗುವುದೆಂದು ನಿಶ್ಚಯ ಮಾಡಿದ್ದೆ. ನಕಾಶೆಯ ಮೇಲೆ ಗೆರೆ ಎಳೆದು, ತಂಗುವ ಊರುಗಳನ್ನು ಬರೆದಿಟ್ಟು, ರಜೆಯ ದಿನ ಎಣಿಸುತ್ತಿದ್ದೆ. ಬೇಸಿಗೆಯಿಂದಲೇ ಬಲಗಾಲಿನ ಬೆರಳುಗಳೂ ದೂರ ಹೋಗತೊಡಗಿದ್ದವು. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಪ್ಪತ್ತೈದು ವರ್ಷ ಕಾಪಿ ಹೊಡೆಯುವ ಹುಡುಗರನ್ನು ಹಿಡಿದವನು ನಾನು, ಕಾಪಿ ಹೊಡೆಯುವುದು ನನಗೆ ಬಾರದೇ? ಮೌಲಾಸಾಬ ಯಾವಾಗಲೂ ಒಂದೇ ಕ್ರಮದಲ್ಲಿ ಒತ್ತುತ್ತಿದ್ದ: ಹೆಬ್ಬೆರಳು, ಕಿರುಬೆರಳು, ನಡುವಿನದು, ಆಮೇಲೆ ಉಳಿದ ಎರಡು. ಅದನ್ನು ಬಾಯಿಪಾಠ ಮಾಡಿಕೊಂಡು ಮೂರು ತಿಂಗಳು ಪಾಸಾದೆ.

ದೀಪಾವಳಿಗೆ ಮೂರು ವಾರ ಇತ್ತು. ಬಕೆಟ್ಟಿನ ಮೇಲೆ ಕೂತು ಕಣ್ಣು ಮುಚ್ಚಿದೆ.

"ಹೆಬ್ಬಟ್ಟು" ಅಂದೆ. "ಕಿರಿಬಟ್ಟು" ಅಂದೆ. ಸ್ವಲ್ಪ ತಡೆದು, "ನಡುವಿಂದು" ಅಂದೆ.

ಅವನ ಹೂಂ ಬರಲಿಲ್ಲ. ಕಣ್ಣು ಬಿಟ್ಟೆ. ಮೌಲಾಸಾಬ ತನ್ನ ಎರಡೂ ಕೈಗಳನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದ.

"ನಾ ಇನ್ನೂ ಒತ್ತಿಲ್ರಿ ಗುರುಜೀ."

ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದರೆ ನಾನು ಜಗಳಾಡಿ ಗೆಲ್ಲುತ್ತಿದ್ದೆ. ನನ್ನ ಕಾಲುಚೀಲ ತಾನೇ ಏರಿಸಿದ, ಬೂಟು ಹಾಕಿ ಲಾಡಿ ಕಟ್ಟಿದ. ಗಾಡಿಯ ಚಾವಿಗೆ ಕೈ ಚಾಚಿದ. ಕೊಟ್ಟೆ. ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಮೊದಲ ಸಲ ಕೂತದ್ದು ಆ ದಿನ. ಮುಚ್ಚಂಡಿಗೆ ಬಂದೆವು. ಬಾಗಿಲಿಗೆ ಬಂದ ನನ್ನ ಹೆಂಡತಿಯ ಕೈಯಲ್ಲಿ ಚಾವಿ ಇಟ್ಟು, "ಅಕ್ಕಾರ, ಇದು ಇನ್ನ ನಿಮ್ಮ ಹಂತೇಕ ಇರ್ಲಿ. ಯಾಕಂತ ಗುರುಜಿ ಹೇಳ್ತಾರ" ಅಂದ. ಚಹಾಕ್ಕೆ ಕುಂದ್ರು ಅಂದರೂ ಕೂರಲಿಲ್ಲ. ರಸ್ತೆಗೆ ಬಂದ, ಬಾಡಿಗೆಗೆ ಜನ ತುಂಬುವ ವಡಾಪ್ ಜೀಪಿಗೆ ಕೈ ಮಾಡಿ, ಜನರ ನಡುವೆ ಹೇಗೋ ತೂರಿಕೊಂಡು ಜತ್ತಕ್ಕೆ ಹೋದ.

ಹೆಂಡತಿಗೆ ಎಲ್ಲ ಹೇಳಲೇಬೇಕಾಯಿತು. ಅವಳು ಅತ್ತಳು, ಬೈದಳು. ನನಗೆ ಅದರದ್ದೇನೂ ಇರಲಿಲ್ಲ, ಉರಿಯುತ್ತಿದ್ದದ್ದು ಮೌಲಾಸಾಬನ ಮೇಲೆ. ಒಬ್ಬ ಗ್ಯಾರೇಜಿನವ ನನ್ನ ಚಾವಿ ಕಸಿದುಕೊಂಡನಲ್ಲ, ಮನೆಯವರ ಮುಂದೆ ನನ್ನನ್ನು ಸಣ್ಣವನನ್ನಾಗಿ ಮಾಡಿದನಲ್ಲ, ಇನ್ನು ಅವನ ಮುಖ ನೋಡಬಾರದು ಅಂದುಕೊಂಡೆ. ಫೋನು ಕೈಗೆ ತೆಗೆದುಕೊಂಡು, ಅವನ ಹೆಸರಿನ ತನಕ ಬಂದು, ಕೆಳಗಿಟ್ಟದ್ದು ಎಷ್ಟು ಸಲವೋ. ತಪ್ಪು ಯಾರದೆಂದು ತಿಳಿಯದಷ್ಟು ದಡ್ಡ ನಾನಲ್ಲ. ತಿಳಿದಿದ್ದರಿಂದಲೇ ಸಿಟ್ಟು ಹೆಚ್ಚಾಗಿತ್ತು.

ಹೀಗೆ ಹತ್ತು ದಿನ ಕಳೆದವು. ಹನ್ನೊಂದನೆಯ ದಿನ ನಾನು ವರ್ಗದಲ್ಲಿದ್ದಾಗ ಅವನ ತಮ್ಮನ ಫೋನು ಬಂತು. ಮುಂಜಾನೆ ಗ್ಯಾರೇಜಿನ ಶಟರು ಎತ್ತುತ್ತಿದ್ದಾಗ ಮೌಲಾಸಾಬನ ಎದೆ ನಿಂತಿತ್ತು. ಐವತ್ತೂ ತುಂಬಿರಲಿಲ್ಲ ಅವನಿಗೆ.

ಎಸ್.ಟಿ. ಬಸ್ಸು ಹಿಡಿದು ಹೋದೆ. ಕಬರಸ್ತಾನದಲ್ಲಿ ಎಲ್ಲರ ಜೊತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ತಾಲೂಕಿನ ಅರ್ಧ ಗಾಡಿಗಳು ಹೊರಗೆ ನಿಂತಿದ್ದವು. ಎಲ್ಲರೂ ಹೊರಟ ಮೇಲೆ ಅವನ ತಮ್ಮ ನನ್ನ ತೋಳು ಹಿಡಿದು, ತಗ್ಗು ದಿಣ್ಣೆ ನೋಡಿ ನಡೆಸುತ್ತ ಗೇಟಿನ ತನಕ ಬಂದ. ನನ್ನ ಕಾಲಿನ ವಿಷಯ ಅವನಿಗೂ ಗೊತ್ತಿತ್ತೆಂದು ಆಗ ತಿಳಿಯಿತು.

"ಅಣ್ಣಾ ದಿನಾ ಸಂಜೀಕ ಕೇಳ್ತಿದ್ದರಿ" ಅಂದ. "ಗುರುಜಿ ಫೋನ್ ಬಂದಿತ್ತೇನು ಅಂತ. ನೀವ ಮಾಡ್ರೆಲಾ ಅಂತ ನಾ ಅಂದ್ರ, ಬ್ಯಾಡ, ಅವರ ಸಿಟ್ಟು ಇಳೀಲಿ, ತಾವ ಮಾಡ್ತಾರ ಅಂತಿದ್ರು."

ನಾನು ಮಾಡಿರಲಿಲ್ಲ.